ಗುಡ್ಡದ ಚಳಿ

“ಈಗ ಕಡಲ ತೀರವನ್ನು ಮುಚ್ಚಿಡಿ, ನೋಡೋಣ” ಎನ್ನುತ್ತ ನಿರ್ದೇಶಕರು ಕುರ್ಚಿಯ ತುದಿಗೆ ಬಂದರು. ಹವಾಮಾನ ಕಚೇರಿಯ ಗೋಡೆಯ ಮೇಲೆ ನಕ್ಷೆ ಬಣ್ಣ ಬಣ್ಣವಾಗಿ ಬೆಳಗುತ್ತಿತ್ತು. ಪುಟ್ಟಕ್ಕ ಕಡಲ ತೀರದ ಕೇಂದ್ರದ ಮುಂದಿದ್ದ ಟಿಕ್ ಗುರುತನ್ನು ತೆಗೆದಳು. ಇನ್ನು ಆ ಕೇಂದ್ರದ ಉಷ್ಣಾಂಶ ಅವಳ ಸಾಫ್ಟ್‌ವೇರಿನ ಕಣ್ಣಿಗೆ ಬೀಳದು. ಅದಕ್ಕೆ ಸಿಗುವುದು ಆ ಜಾಗದ ಅಕ್ಷಾಂಶ, ರೇಖಾಂಶ, ಎತ್ತರ, ನೀರಿಗೆ ಎಷ್ಟು ದೂರ ಎಂಬ ಲೆಕ್ಕ, ಮತ್ತು ಉಳಿದ ಕೇಂದ್ರಗಳು ಈಗಷ್ಟೇ ಕಳಿಸಿದ ಅಂಕಿಗಳು. ಅಷ್ಟನ್ನೇ ಇಟ್ಟುಕೊಂಡು ಅದು ಮುಚ್ಚಿಟ್ಟ ಊರಿನ ಬಿಸಿಯನ್ನು ಊಹಿಸಬೇಕು. ತಡಮಾಡದೆ ಊಹಿಸಿತು: ಮೂವತ್ತೆರಡು ಪಾಯಿಂಟ್ ಐದು.

ಎಲ್ಲ ಕೇಂದ್ರಗಳ ವೀಕ್ಷಕರೂ ಒಂದೇ ಫೋನ್ ಕರೆಯಲ್ಲಿ ಸೇರಿಕೊಂಡಿದ್ದರು. ಕಡಲ ತೀರದ ವೀಕ್ಷಕಿಯನ್ನು ಎಲ್ಲರೂ ಕರೆಯುವುದು ಕಡಲಕ್ಕ ಎಂದೇ. ಅವಳು ಚಪ್ಪಲಿ ಸದ್ದು ಮಾಡುತ್ತ ಅಂಗಳಕ್ಕೆ ಹೋಗಿ, ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು, ಥರ್ಮಾಮೀಟರ್ ನೋಡಿ, ಅಷ್ಟೇ ಸದ್ದಿನೊಂದಿಗೆ ವಾಪಸು ಬಂದಳು. ಮೂವತ್ತೆರಡು ಪಾಯಿಂಟ್ ಮೂರು ಎಂದಳು. ಇಷ್ಟು ಗೊತ್ತಿದ್ದರೆ ತನ್ನನ್ನು ಯಾಕೆ ಬಿಸಿಲಿಗೆ ಓಡಿಸಿದ್ದು ಎಂದೂ ಕೇಳಿದಳು. ನಿರ್ದೇಶಕರು ತೊಡೆ ತಟ್ಟಿ ನಕ್ಕರು. ಪುಟ್ಟಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಸೊಸೆ ಗಂಡನಿಗಿಂತ ನಕ್ಷೆಯ ಮುಖವನ್ನೇ ಹೆಚ್ಚು ನೋಡುತ್ತಾಳೆ ಎಂದು ಅತ್ತೆ ನೆಂಟರ ಮುಂದೆಲ್ಲ ಹೇಳಿಕೊಂಡು ಬರುವಷ್ಟರ ಮಟ್ಟಿಗೆ ಅವಳು ಇದಕ್ಕೆ ಅಂಟಿಕೊಂಡಿದ್ದಳು.

ಬಯಲು, ಕಣಿವೆಗಳ ಸರದಿ ಮೊದಲೇ ಮುಗಿದಿತ್ತು, ಉಳಿದದ್ದು ಗುಡ್ಡ. ಅಲ್ಲಿನ ವೀಕ್ಷಕ ಅವಳ ಸ್ವಂತ ಅಣ್ಣ. ಹೆಂಡತಿ ಮಕ್ಕಳೊಂದಿಗೆ ಕೇಂದ್ರದ ಪಕ್ಕದ ಎರಡು ಕೋಣೆಗಳಲ್ಲೇ ಅವನ ಸಂಸಾರ. ತನ್ನ ಗುಡ್ಡ ಯಾರ ಲೆಕ್ಕಕ್ಕೂ ಬಗ್ಗುವುದಲ್ಲ ಎಂದು ಅವನು ವಾರದಿಂದ ತಂಗಿಯನ್ನು ಕೆಣಕುತ್ತಲೇ ಇದ್ದ. ಪುಟ್ಟಕ್ಕ ತೀರದ ಗುರುತನ್ನು ಮರಳಿ ಹಾಕಿ ಗುಡ್ಡದ್ದನ್ನು ತೆಗೆದಳು. ಎತ್ತರ ಏರಿದಂತೆ ಬಿಸಿ ಎಷ್ಟು ಇಳಿಯುತ್ತದೆ ಎಂಬುದನ್ನು ಸಾಫ್ಟ್‌ವೇರ್ ಕಣಿವೆ, ಬಯಲು, ತೀರಗಳನ್ನು ಹೋಲಿಸಿ ಕಲಿತಿತ್ತು. ಆ ಬಲದಿಂದ ಅದು ಗುಡ್ಡಕ್ಕೆ ಹನ್ನೊಂದು ಪಾಯಿಂಟ್ ನಾಲ್ಕು ಎಂದಿತು. ಅಣ್ಣ ಬೇಕೆಂದೇ ನಿಧಾನವಾಗಿ ನಡೆದ, ಕೆಮ್ಮಿದ, ಕನ್ನಡಕ ಒರೆಸಿಕೊಳ್ಳುತ್ತಿದ್ದೇನೆ ಎಂದು ಸತಾಯಿಸಿದ. ಕೊನೆಗೆ ಸೋತ ದನಿಯಲ್ಲಿ ಹನ್ನೊಂದು ಪಾಯಿಂಟ್ ಆರು ಎಂದ.

“ಅಕ್ಕಪಕ್ಕದವರ ಪೇಪರ್ ನೋಡ್ಕೊಂಡು ಬರೀತಿದೆ ಕಣೇ ನಿನ್ನ ಯಂತ್ರ.”

“ನೋಡಿ ಬರೆದ್ರೂ ಪಾಸು ಪಾಸೇ ಅಣ್ಣ.”

ಫೋನಿನ ತುಂಬ ನಗು. ಆ ನಗುವಿನ ನಡುವೆಯೇ ನಿರ್ದೇಶಕರು ಎದ್ದು ನಿಂತರು. ಮುಖದಲ್ಲಿ ನಿಧಿ ಸಿಕ್ಕವನ ಕಳೆ. “ಯಾವುದನ್ನ ಮುಚ್ಚಿಟ್ರೂ ಸರಿಯಾಗಿ ಹೇಳ್ತಿದೆ. ಅಂದ್ಮೇಲೆ ಯಾವ ಕೇಂದ್ರವೂ ಬೇಕಾಗಿಲ್ಲ ಅಂತಾಯ್ತಲ್ಲ?” ಬಲಗಾಲೆತ್ತಿಯೂ ನಿಲ್ಲಬಲ್ಲೆ, ಎಡಗಾಲೆತ್ತಿಯೂ ನಿಲ್ಲಬಲ್ಲೆ, ಆದ್ದರಿಂದ ಎರಡನ್ನೂ ಎತ್ತಿ ನಿಲ್ಲಬಲ್ಲೆ ಎನ್ನುವ ತರ್ಕ ಅದು. ಆದರೆ ಹೇಳಿದವರು ನಿರ್ದೇಶಕರು. ಎಲ್ಲ ಕೇಂದ್ರಗಳನ್ನೂ ಮುಚ್ಚಬಹುದೆಂದು ಮಧ್ಯಾಹ್ನವೇ ಮೇಲಿನವರಿಗೆ ಹೇಳಿಬಿಡುತ್ತೇನೆ ಎಂದು ಅವರು ಆಗಲೇ ಕೋಟು ಹುಡುಕತೊಡಗಿದ್ದರು. ಫೋನಿನ ನಗು ಕತ್ತರಿಸಿದಂತೆ ನಿಂತಿತು. ಅಣ್ಣನ ಅನ್ನಕ್ಕೆ ತಾನೇ ಕೈಯಾರೆ ಕಲ್ಲು ಹಾಕಿದೆನೇ ಎಂದು ಪುಟ್ಟಕ್ಕ ಗಾಬರಿಬಿದ್ದಳು. ಯಾವ ಊರಿನ ಅಂಕಿಯೂ ಬರದಿದ್ದರೆ ಇದು ಯಾರನ್ನು ನೋಡಿ ಬರೆಯಬೇಕು ಎಂದು ಅವಳು ತೊದಲಿದಳು.

ನಿರ್ದೇಶಕರು ಕೆಟ್ಟವರಲ್ಲ. ಕೋಟಿನ ಒಂದು ತೋಳಿನಲ್ಲಿ ಕೈ ತೂರಿಸಿದವರು ಅಲ್ಲೇ ನಿಂತು ಯೋಚಿಸಿದರು. “ಅದೂ ಸರಿಯೇ. ಹಾಗಾದ್ರೆ ಒಂದನ್ನ ಉಳಿಸ್ಕೊಳ್ಳೋಣ. ನಿಮ್ಮಣ್ಣಂದೇ ಇರಲಿ ಬಿಡಿ, ಆಯ್ತಲ್ಲ?”

ಪುಟ್ಟಕ್ಕನಿಗೆ ಹೋದ ಜೀವ ಬಂದಂತಾಯಿತು. ಒಂದೇ ಬೆಳಗಿಗೆ ಎರಡು ಸಲ ಗೆದ್ದ ಖುಷಿ. ಆ ಖುಷಿ ಮನುಷ್ಯರ ಬುದ್ಧಿಗೆ ಮಂಕು ಕವಿಸುವ ಬಗೆ ವಿಚಿತ್ರ. ಈ ಸಾಫ್ಟ್‌ವೇರನ್ನು ಅಕ್ಷರ ಅಕ್ಷರವಾಗಿ ಬರೆದವಳೇ, ಒಂದೇ ಊರಿನಿಂದ ಅದು ಏನು ಕಲಿತೀತು ಎಂದು ಕ್ಷಣವೂ ಯೋಚಿಸಲಿಲ್ಲ. ಬೆರಳು ತಾನಾಗಿ ಓಡಿತು. ಗುಡ್ಡದ ಗುರುತು ಮರಳಿತು. ಬಯಲಿನ ಗುರುತು ಹೋಯಿತು, ಕಣಿವೆಯದು ಹೋಯಿತು, ಕಡಲ ತೀರದ್ದು ಹೋಯಿತು. ಗುಡ್ಡವೊಂದು ಉಳಿಯಿತು. ಅವಳು ಗುಂಡಿ ಒತ್ತಿದಳು.

ಸಾಫ್ಟ್‌ವೇರ್ ಚೂರೂ ಅನುಮಾನಿಸಲಿಲ್ಲ. ಹೋಲಿಸಲು ಇನ್ನೊಂದು ಊರಿಲ್ಲದೆ ಅದಕ್ಕೆ ಎತ್ತರ ಯಾವುದು, ತಗ್ಗು ಯಾವುದು ಎಂಬ ಭೇದವೇ ಅಳಿದುಹೋಗಿತ್ತು. ಕೈಯಲ್ಲಿದ್ದ ಒಂದೇ ಅಂಕಿಯನ್ನು ನಾಡಿನುದ್ದಕ್ಕೂ ಬಳಿಯುತ್ತ ಹೋಯಿತು. ಗುಡ್ಡದಿಂದ ಇಳಿದ ನೀಲಿ ಕಣಿವೆಯನ್ನು ನುಂಗಿ, ಬಯಲನ್ನು ದಾಟಿ, ಕಡಲಿನ ಅಂಚನ್ನು ಮುಟ್ಟಿತು. ಈ ಕಚೇರಿ ಇರುವ ಬೀದಿಯ ಮೇಲೂ ಹನ್ನೊಂದು ಪಾಯಿಂಟ್ ಆರು ಎಂದು ಬರೆಯಿತು. ಅದನ್ನೇ ದಿಟ್ಟಿಸುತ್ತ ನಿಂತ ನಿರ್ದೇಶಕರ ಕತ್ತಿನಿಂದ ಬೆವರು ಕೋಟಿನೊಳಕ್ಕೆ ಇಳಿಯುತ್ತಿತ್ತು.

ಫೋನಿನ ಆ ಬದಿಯಲ್ಲಿ ಯಾರಿಗೂ ನಕ್ಷೆ ಕಾಣುತ್ತಿರಲಿಲ್ಲ. ಯಂತ್ರ ಈಗ ಏನು ಹೇಳುತ್ತಿದೆ ಎಂದು ಕಡಲಕ್ಕ ಕೇಳಿದಳು. ಪುಟ್ಟಕ್ಕ ಓದಿ ಹೇಳಲೇಬೇಕಾಯಿತು. ಆಮೇಲೆ ಕಡಲಕ್ಕನ ದನಿ, ಕೋಪವಿಲ್ಲದೆ, ಬೇಲಿಯಾಚೆಯಿಂದ ಕೇಳಿದ ಹಾಗೆ ಬಂತು:

“ಇನ್ಮೇಲೆ ನಮ್ಮೂರಿಗೂ ನಿಮ್ಮಣ್ಣನ ಚಳಿಯೇನಾ, ಪುಟ್ಟಕ್ಕ?”