ಬರೆದವನ ಹೆಸರು

ಗಾದಿ ಹೊಲಿಯುವ ದಬ್ಬಣವನ್ನು ಜುಬೇದಾಬೀ ಮೊಬೈಲ್ ಅಂಗಡಿಯ ಗಾಜಿನ ಮೇಲೆ ಕುಕ್ಕಿದಳು. ಗಾಜೇನೂ ಒಡೆಯಲಿಲ್ಲ. ಒಳಗಿದ್ದ ಅಂಗಡಿಯವ ಹುಸೇನಬಾಷಾ ಮಾತ್ರ ತಟ್ಟನೆ ಎದ್ದು ನಿಂತ.

"ನನ್ನ ಮಗಗ ಬಾಜಿ ಕಟ್ಟೋದು ಕಲಿಸಿದಾಂವ ನೀನ ಅಲ್ಲೇನು?"

"ಅಲ್ಲಾನ ಆಣಿ, ಚಾಚಿ. ಬ್ಯಾಡೋ ಮುಷರಫ, ಹಾಳಾಗತಿ ಅಂತ ಹೇಳಿದಾಂವ ನಾನು."

ಕುಷ್ಟಗಿಯಲ್ಲಿ ಜುಬೇದಾಬೀಯ ಗಾದಿಗೆ ಹೆಸರಿತ್ತು. ತೀರಿಹೋದ ಗಂಡ ಬಿಟ್ಟುಹೋದ ಹತ್ತಿ ಹಿಂಜುವ ಯಂತ್ರವೇ ಆ ಮನೆಯ ಅನ್ನ. ಅವಳು ತಂಗಿಯ ಮಗಳ ನಿಕಾಹಕ್ಕೆಂದು ಕುಕನೂರಿಗೆ ಹೋಗಿ ಬರುವಷ್ಟರಲ್ಲಿ ಮಗ ಯಂತ್ರವನ್ನು ಮಾರಿ, ಬಂದದ್ದನ್ನೆಲ್ಲ ಓಟದ ಪಂದ್ಯಗಳ ಮೇಲೆ ಕಟ್ಟಿ ಕಳೆದಿದ್ದ. ಕುದುರೆ ಓಟವೂ ಅಲ್ಲ, ಮನುಷ್ಯರ ಓಟ. ಯಾವುದೋ ದೇಶದಲ್ಲಿ ಯಾರೋ ಓಡಿದರೆ ಕುಷ್ಟಗಿಯಲ್ಲಿ ಯಂತ್ರ ಹೋಗಬೇಕೆ? ಆದರೆ ಮುಷರಫ ತಾನೇ ಓಟಗಾರ. ಪೊಲೀಸ್ ಭರ್ತಿಗೆಂದು ದಿನಾ ಮೈದಾನ ಸುತ್ತುವವನು. ಓಟವೆಂದರೆ ತನಗೆ ಗೊತ್ತು ಎಂಬ ಸೊಕ್ಕು ಅವನನ್ನು ತಿಂದುಹಾಕಿತ್ತು.

"ಅಂವಾ ಯಾರ ಮಾತೂ ಕೇಳಲಿಲ್ಲ, ಚಾಚಿ," ಎಂದ ಹುಸೇನಬಾಷಾ. "ನೆಟ್ಟಿನಾಗ ಒಂದು ಲೇಖನ ಐತಿ. ಓಟದ ಮ್ಯಾಲೆ ಬಾಜಿ ಕಟ್ಟೋ ಮೂರು ಆ್ಯಪ್ ತೂಗಿ ನೋಡಿ, ಯಾವುದು ಛಲೋ, ಯಾವುದರಾಗ ರೊಕ್ಕ ಲಗೂನ ಕೈಗೆ ಬರತೈತಿ ಅಂತ ಬರದಾರ. ಅದನ್ನ ಓದಿ ಓದಿ ಕೆಟ್ಟ."

ಮುಷರಫ ಮಾರಲು ಕೊಟ್ಟುಹೋಗಿದ್ದ ಮೊಬೈಲನ್ನೇ ಹೊರತೆಗೆದು, ಆ ಲೇಖನವನ್ನು ತೆರೆದು ಅವಳ ಕೈಗಿತ್ತ.

"ಮಗಳ ಕಡೆ ಓದಿಸ್ರಿ. ಹಳೇ ಸೆಟ್ ಐತಿ, ಬೆರಳು ಆಡಿಸ್ತಾ ಇರಬೇಕು. ಇಲ್ಲಾಂದ್ರ ಲಗೂನ ಆರತೈತಿ."

ಜುಬೇದಾಬೀಗೆ ಕನ್ನಡ ಅಕ್ಷರ ಬಾರದು. ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಯ ದಾರಿ ಹಿಡಿದಳು. ಈ ತನಕ ಅವಳು ಯಾರಿಗೂ ಬದ್ದುವಾ ಕೊಟ್ಟವಳಲ್ಲ. "ಹೊಟ್ಟಿ ಉರದಾಕಿ ಶಾಪ ಹುಸಿ ಹೋಗೂದಿಲ್ಲ," ಎನ್ನುತ್ತಿದ್ದಳು ಅತ್ತೆ ಬಾಷಾಬಿ. "ಹೆಸರು ತಿಳೀದ ಮಾತ್ರ ಹಾಕಬಾರದವಾ. ಹೆಸರಿಲ್ಲದ ಬದ್ದುವಾ ದಾರಿ ತಪ್ಪಿದ ಎಮ್ಮಿ ಇದ್ದಂಗ, ಯಾರ ಮನಿ ಹೊಕ್ಕೀತೋ." ಇವತ್ತು ಆ ಹೆಸರು ಬೇಕಿತ್ತು.

ಮಗನನ್ನು ಅವಳೇ ಮನೆಯಿಂದ ಹೊರಹಾಕಿದ್ದಳು. ಈಗ ಅಳವಂಡಿಯಲ್ಲಿ ಸೋದರಮಾವ ಉಮರಸಾಬನ ಮನೆಯಲ್ಲಿದ್ದಾನೆ. ಹೊಸ್ತಿಲು ದಾಟುವಾಗ ಅವನು ಹೇಳಿದ್ದಿಷ್ಟೇ: "ಅಮ್ಮಾ, ಬರದಾಂವ ಓಟ ಬಲ್ಲಾಂವ. ನನ್ನ ಮನಸಿನ್ಯಾಗಿಂದು ತಗದು ಬರದಂಗ ಇತ್ತು. ಅದಕ್ಕ ನಂಬಿದೆ."

ಅದೇ ಮನೆಯಲ್ಲಿ ಕೆಲವು ತಿಂಗಳ ಹಿಂದೆ ಊಟಕ್ಕೆ ಕೂತಾಗ ಅಕ್ಕ ಮುಬಾಶಿರಾ ತಮ್ಮನನ್ನು ಓಟದ ಸಂಗತಿಗಳನ್ನೇ ಕೇಳುತ್ತಿದ್ದಳು. ಕೊನೆಗೆ ಗೆಲ್ಲುವವರು ಮೊದಲ ಸುತ್ತಿನಲ್ಲಿ ಯಾಕೆ ಹಿಂದುಳಿಯುತ್ತಾರೆ, ಬಿಸಿಲಿಗೆ ಯಾರು ಸೋಲುತ್ತಾರೆ. ಅವನು ತಾಟಿನ ರೊಟ್ಟಿ ಮರೆತು ಹೇಳುತ್ತಿದ್ದ. ಕೇಳುತ್ತ ಕೇಳುತ್ತ ಜುಬೇದಾಬೀಯ ಕಣ್ಣು ತುಂಬುತ್ತಿತ್ತು. ಅಂಥ ಮನೆಯನ್ನು ಮುಖ ಕಾಣದ ಯಾವನೋ ಒಬ್ಬ ಕೆಡಿಸಿದನಲ್ಲ ಎಂದು ಅವಳು ಬಿರುಸಾಗಿ ಹೆಜ್ಜೆ ಹಾಕಿದಳು.

ಪಡಸಾಲೆಯಲ್ಲಿ ಯಂತ್ರವಿದ್ದ ಜಾಗ ಬೋಳಾಗಿತ್ತು, ಮೂಲೆಯಲ್ಲಿ ಒಂದಿಷ್ಟು ಅರಳೆ. ಅದರ ಪಕ್ಕದಲ್ಲೇ ಮುಬಾಶಿರಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಬೆಂಗಳೂರಿನ ಯಾವುದೋ ಆಫೀಸಿಗೆ ಮನೆಯಿಂದಲೇ ಕನ್ನಡ ಟೈಪು ಮಾಡಿಕೊಡುವ ಕೆಲಸ. ಈಗ ಒಲೆ ಉರಿಯುವುದು ಅವಳ ಬೆರಳುಗಳಿಂದಲೇ.

"ಓದು. ನಿನ್ನ ತಮ್ಮನ್ನ ಹಾಳ ಮಾಡಿದ್ದು ಇದ."

ಮುಬಾಶಿರಾ ಮೊಬೈಲು ತೆಗೆದುಕೊಂಡಳು. ಪರದೆ ಆರಿತ್ತು, ಬೆರಳಾಡಿಸಿ ಬೆಳಗಿಸಿದಳು. ನೋಡಿದಳು. ನೋಡುತ್ತಲೇ ಇದ್ದಳು.

"ಬ್ಯಾಡಮ್ಮಾ. ಆಗಿದ್ದು ಆಗಿ ಹೋತು."

"ಮೊದಲ ಹೆಸರು ಹೇಳು. ಬರದಾಂವ ಯಾರು?"

"ವಿಕ್ರಮ... ಮಾಜಿ ಓಟಗಾರ ಅಂತ ಹಾಕ್ಯಾರ."

ಜುಬೇದಾಬೀ ಸೆರಗೊಡ್ಡಿ ಮುಖ ಮೇಲೆತ್ತಿದಳು. "ಯಾ ಅಲ್ಲಾ! ಇದನ್ನ ಬರದ ಕೈ ಸೇದಿ ಹೋಗ್ಲಿ. ಆ ವಿಕ್ರಮನ್ನ ಹೆತ್ತಾಕಿ ನನ್ನಂಗ ಅಳಲಿ."

"ಅಮ್ಮಾ!" ಮುಬಾಶಿರಾ ಚೀರಿದಳು. "ತಾಯಿ ಏನ ಮಾಡ್ಯಾಳ? ಆಕಿಗ್ಯಾಕ ಶಾಪ ಹಾಕತಿ?"

"ಹೆತ್ತಿಲ್ಲೇನು? ಮಕ್ಕಳು ಏನ ಮಾಡತಾವ ನೋಡಬೇಕಿತ್ತು."

ಮಗಳ ಮೆದು ಮನಸ್ಸು ಜುಬೇದಾಬೀಗೆ ಗೊತ್ತು. ಇರುವೆ ತುಳಿದರೂ ಮರುಗುವವಳು. ಗೋಡೆಗೆ ಒರಗಿ ಕೂತು, "ಈಗ ಪೂರ್ತಿ ಓದು," ಎಂದಳು. "ನನ್ನ ಮಗ ಯಾವ ಮಾತಿಗೆ ಮರುಳಾದ, ನಾ ಕೇಳಬೇಕು."

ಮುಬಾಶಿರಾ ಓದತೊಡಗಿದಳು. "ಮೊದಲ ಸುತ್ತಿನಲ್ಲಿ ಮುಂದಿರುವವನನ್ನು ನಂಬಬೇಡಿ. ಗೆಲ್ಲುವವನು ಅಲ್ಲಿ ಉಸಿರು ಕಾದಿಟ್ಟುಕೊಂಡಿರುತ್ತಾನೆ. ಈ ಮೂರು ಆ್ಯಪ್‌ಗಳಲ್ಲಿ ಎರಡು, ಓಟ ಶುರುವಾದ ಮೇಲೆ ಬಾಜಿ ತೆಗೆದುಕೊಳ್ಳುವುದಿಲ್ಲ. ಮೂರನೆಯದು ಕೊನೆಯ ಸುತ್ತಿನವರೆಗೂ ತೆಗೆದುಕೊಳ್ಳುತ್ತದೆ. ಓಟ ಬಲ್ಲವರಿಗೆ ಇದೇ ಸರಿ..."

ಜುಬೇದಾಬೀ ಕಣ್ಣು ಮುಚ್ಚಿದಳು. ಮುಷರಫನೇ ಎದುರು ಕೂತು ಮಾತಾಡಿದಂತಿತ್ತು. ಪಾಪ, ಹುಡುಗ ನಂಬಿದ್ದರಲ್ಲಿ ಆಶ್ಚರ್ಯವೇನು? ನಾಳೆ ಅಳವಂಡಿಗೆ ಹೋಗಿ ಅವನನ್ನು ಕರೆತರಬೇಕು ಎಂದುಕೊಂಡಳು. ಮಗಳ ದನಿ ನಡುಗುತ್ತಿತ್ತು, ಆದರೆ ಎಲ್ಲಿಯೂ ನಿಲ್ಲಲಿಲ್ಲ. ಅಳುತ್ತಿರಬೇಕು, ಸಮಾಧಾನ ಮಾಡೋಣವೆಂದು ಜುಬೇದಾಬೀ ಕಣ್ಣು ತೆರೆದಳು.

ಮೊಬೈಲಿನ ಪರದೆ ಯಾವಾಗಲೋ ಆರಿ ಕಪ್ಪಾಗಿತ್ತು. ಮುಬಾಶಿರಾ ಒಂದಕ್ಷರವೂ ತಪ್ಪದೆ ಓದುತ್ತಲೇ ಇದ್ದಳು.