ದೋಣಿಯವನ ಬೆಳ್ಳಿ

ಉಳಿ ತಾಗಿದಲ್ಲಿ ಬೆಳ್ಳಿಯ ತೆಳು ಹೊದಿಕೆಯೊಳಗಿಂದ ತಾಮ್ರ ಕೆಂಪಗೆ ಇಣುಕಿತು. ನೀರೋ ಚಕ್ರವರ್ತಿಯ ಮುಖವಿದ್ದ ಆ ಖೋಟಾ ನಾಣ್ಯವನ್ನು ವಿಬಿಯುಸ್ ಮುಷ್ಟಿಯಲ್ಲಿ ಮುಚ್ಚಿಕೊಂಡ. ರೋಮ್ ಪೇಟೆಯಲ್ಲಿ ನಾಣ್ಯ ಪರೀಕ್ಷಿಸುವುದೇ ಅವನ ಕಸುಬು.

ಇದರ ಜೊತೆಗೇ ಒಂದೇ ಕೈಯಿಂದ ಬಂದಿದ್ದ ಜೋಡಿ ನಾಣ್ಯವನ್ನು ಮೊನ್ನೆ ತೀರಿಕೊಂಡ ಮಗಳ ಬಾಯಲ್ಲಿ ಅವನೇ ಇಟ್ಟಿದ್ದ, ಸತ್ತವರನ್ನು ಹೊಳೆ ದಾಟಿಸುವ ದೋಣಿಯವನಿಗೆ ಕೂಲಿಯೆಂದು. ಕೂಸಿನ ನಾಣ್ಯಕ್ಕೆ ಉಳಿಯಿಡಲು ಅಂದು ಕೈ ಬಂದಿರಲಿಲ್ಲ.

“ಏನ್ರೀ, ಊರಿನ ನಾಣ್ಯಕ್ಕೆಲ್ಲ ಥಟ್ಟಂತ ಹೇಳೋರು, ಮನೇದಕ್ಕೆ ಬಾಯಿ ಕಟ್ತಾ?” ಎಂದಳು ಹೆಂಡತಿ ಸಬೀನಾ. ಕಟಕಿಯಾಡಿದರೂ ಅವಳ ಕಣ್ಣು ಅವನ ಮುಷ್ಟಿಯ ಮೇಲೇ ಇತ್ತು. “ಇದು ಸಾಚಾ ಆದ್ರೆ ಅದೂ ಸಾಚಾ ಅಲ್ವಾ?”

“ಅಪ್ಪಟ ಬೆಳ್ಳಿ ಕಣೇ.”

“ಸದ್ಯ! ಹಾಗಾದ್ರೆ ದಾಟಿರ್ತಾಳೆ,” ಎಂದು ಅವಳು ಆಕಾಶಕ್ಕೆ ಅಂಗೈಗಳನ್ನೆತ್ತಿದಳು. ಈಚೆ ದಡದಲ್ಲಿ ಒಬ್ಬಳೇ ನಿಂತ ಮಗು ವಿಬಿಯುಸನಿಗೆ ಮಾತ್ರ ಕಾಣುತ್ತಿತ್ತು.