ಸುಂಕಮ್ಮನ ಸಾಲು

ಶ್ರಾವಣದ ನಾಟಿ ನಡೆದಿತ್ತು. ಆಳುಗಳೆಲ್ಲ ಸಂಡೂರಿನ ಗಣಿಗೆ ಹೋಗಿದ್ದರಿಂದ ಗದ್ದೆಯಲ್ಲಿ ತಾಯಕ್ಕ, ತಮ್ಮನ ಮಗಳು ಸುಂಕಮ್ಮ ಇಬ್ಬರೇ.

“ಅಕ್ಕಾ, ಐತವಾರ ಹೊಸಪೇಟ್ಯಾಗ ದೊಡ್ಡ ಪರೀಕ್ಷೆ ಐತಂತ. ಹತ್ತನೇ ಕ್ಲಾಸಿನಾಗ ಇಕಿ ಒಬ್ಬಾಕಿನ್ನೇ ಮೇಷ್ಟ್ರು ಆರ್ಸ್ಯಾರ. ಕಳಿಸ್ಲೋ ಬ್ಯಾಡೋ?” ಬದುವಿನ ಮೇಲೆ ನಿಂತ ತಮ್ಮ ಹುಲಿಗೇಶ್ ಕೇಳಿದ.

ಸುಂಕಮ್ಮನ ಮುಖದ ಆಸೆ ಕಂಡು ತಾಯಕ್ಕ ಮುಖ ತಿರುಗಿಸಿದಳು. ಏಳನೆಯ ತರಗತಿಯ ಪರೀಕ್ಷೆಯ ದಿನ ತನ್ನನ್ನು ಯಾರೂ ಕೇಳಿರಲಿಲ್ಲ. ಕೂಸಾಗಿದ್ದ ಇದೇ ತಮ್ಮನನ್ನು ಕಂಕುಳಿಗೆ ಕೊಟ್ಟು ಅವ್ವ ಗದ್ದೆಗೆ ಹೋಗಿದ್ದಳು. ‘ಬ್ಯಾಡ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

“ಹೋಗ್ಲಿ,” ಎಂದಳು. “ಇವತ್ತಿಂದ ಆಕಿ ಸಾಲು ನೀ ಹಚ್ಚು.”

“ಹೆಂಗಸರ ಕೆಲ್ಸ ನಾ ಮಾಡಿದ್ರ ಊರು ನಗತೈತಿ.”

“ನಗ್ಲಿ. ನನ್ ಪರೀಕ್ಷೆ ದಿನ ನಾ ನಿನ್ನ ಹೊತ್ತೀನಿ.”

ಹುಲಿಗೇಶ್ ಲುಂಗಿ ಎತ್ತಿ ಕಟ್ಟಿ ಕೆಸರಿಗಿಳಿದ. ಅವನು ಊರಿದ ಮೊದಲ ಸಸಿಯನ್ನು ತಾಯಕ್ಕ ಕಿತ್ತು ಅವನ ಕೈಗೇ ಕೊಟ್ಟಳು.

“ಸೊಟ್ಟ ಆಗೈತಿ. ಮತ್ತ ಹಚ್ಚು.”